ಕೆನ್ನೆಗೆ ಏಟು ಬಿದ್ದದ್ದು 9ನೇ ಅಧ್ಯಾಯದಲ್ಲಿ. ಹಿಡಿತ ಶುರುವಾದದ್ದು ಎಲ್ಲಿ? (ಹದಿಹರೆಯದವರ ಕ್ರೈಸ್ತ ಕಾದಂಬರಿ, ಕರಡು ಚರ್ಚೆ)

ಮಾಜಾಳಿ_ಮಳೆ

ಎಲ್ಲರಿಗೂ ನಮಸ್ಕಾರ. 15ರಿಂದ 18 ವರ್ಷದ ನಮ್ಮ ಕರಾವಳಿಯ ಕ್ರೈಸ್ತ ಮಕ್ಕಳು ಓದಲಿ ಎಂದು ಒಂದು ಸಣ್ಣ ಕಾದಂಬರಿ ಬರೆಯುತ್ತಿದ್ದೇನೆ. 12 ಅಧ್ಯಾಯ, ಸುಮಾರು 30,000 ಪದ. ನಾಯಕಿ ಮರೀನಾಗೆ 17. ಕಾರವಾರದಲ್ಲಿ ಸೆಕೆಂಡ್ ಪಿಯು ಸೈನ್ಸ್, ದಿನಾ ಮಾಜಾಳಿಯಿಂದ ಬಸ್ಸು. ಹುಡುಗ ಆಲ್ಡನ್‌ಗೆ 19. ಡಿಗ್ರಿ ಮೊದಲ ವರ್ಷ, ಇಗರ್ಜಿಯ (ಚರ್ಚಿನ) ಕ್ವಾಯರಿನಲ್ಲಿ, ಅಂದರೆ ಹಾಡುವ ತಂಡದಲ್ಲಿ, ಕೀಬೋರ್ಡ್ ನುಡಿಸುತ್ತಾನೆ. 8ನೇ ಅಧ್ಯಾಯದವರೆಗೆ ಪ್ರೀತಿ. 9ರಲ್ಲಿ ಕೆನ್ನೆಗೆ ಹೊಡೆಯುತ್ತಾನೆ. 10ರಲ್ಲಿ ಅವಳು ಪಾಪನಿವೇದನೆಯಲ್ಲಿ ಎಲ್ಲ ಹೇಳುತ್ತಾಳೆ, ಫಾದರ್ ಅವಳ ಮನೆಯವರಿಗೆ ತಿಳಿಸುತ್ತಾರೆ. 12ರಲ್ಲಿ ಕ್ರಿಸ್‌ಮಸ್ ರಾತ್ರಿಯ ಬಲಿಪೂಜೆ ಮುಗಿದ ಮೇಲೆ ಅವನು ಅಳುತ್ತ ಕ್ಷಮೆ ಕೇಳುತ್ತಾನೆ, ಇವಳು ಕ್ಷಮಿಸುತ್ತಾಳೆ, ಇಬ್ಬರೂ ಮತ್ತೆ ಒಂದಾಗುತ್ತಾರೆ.

ಕರಡು ಓದಿದ ಹುಡುಗಿಯರು ಎರಡು ಮಾತು ಹೇಳಿದರು. "ಅಷ್ಟು ಒಳ್ಳೆಯವನು ಏಕಾಏಕಿ ಹೇಗೆ ಕೆಟ್ಟವನಾದ?" ಮತ್ತು "ಕೊನೆಗೆ ದೊತೊರ್ನ್ (ಧರ್ಮೋಪದೇಶ) ಕ್ಲಾಸಿನ ಹಾಗಾಯ್ತು." ಎಲ್ಲಿ ತಪ್ಪಿದೆ?

ಕರಡು_ಕತ್ತರಿ, ಶಿರಸಿ

ತಪ್ಪಿರುವುದು 9ನೇ ಅಧ್ಯಾಯದಲ್ಲಲ್ಲ, 2ನೆಯದರಲ್ಲಿ. ಏಟೇ ಮೊದಲ ಗುರುತಾದರೆ ಓದುವ ಹುಡುಗಿ "ನನ್ನವನು ಹೊಡೆದಿಲ್ಲವಲ್ಲ" ಎಂದುಕೊಂಡು ಪುಸ್ತಕ ಮುಚ್ಚುತ್ತಾಳೆ. ಮರೀನಾಗೆ ಗೊತ್ತಾಗುವುದಕ್ಕಿಂತ ಎರಡು ಅಧ್ಯಾಯ ಮೊದಲೇ ಓದುವವಳ ಹೊಟ್ಟೆಯಲ್ಲಿ ಕಸಿವಿಸಿ ಶುರುವಾಗಬೇಕು. ಅದು ಆಗದಿದ್ದರೆ ಈ ಪುಸ್ತಕ ಬರೆದೂ ಪ್ರಯೋಜನವಿಲ್ಲ.

ಮಾಡುವ ಕ್ರಮ ಹೀಗೆ: ಒಂದೇ ಸಂಗತಿಯನ್ನು ಮೂರು ಸಲ ತನ್ನಿ, ಪ್ರತಿ ಸಲ ಅದರ ಅರ್ಥ ಬದಲಾಗಲಿ. ಬಸ್ಸಿನ ಸೀಟು ತೆಗೆದುಕೊಳ್ಳಿ. 2ನೇ ಅಧ್ಯಾಯದಲ್ಲಿ ಆಲ್ಡನ್ ಕಿಟಕಿ ಪಕ್ಕ ಬ್ಯಾಗ್ ಇಟ್ಟು ಅವಳಿಗೆ ಸೀಟು ಹಿಡಿದಿರುತ್ತಾನೆ. ಓದುವವರಿಗೆ ಖುಷಿ. 4ರಲ್ಲಿ ಅವಳು ಗೆಳತಿಯ ಪಕ್ಕ ಕೂತುಬಿಡುತ್ತಾಳೆ, ಅವನು ಏನೂ ಅನ್ನುವುದಿಲ್ಲ, ಎರಡು ದಿನ ಮಾತೇ ಇಲ್ಲ, ಮೂರನೇ ದಿನ ಇವಳೇ "ಸಾರಿ" ಎನ್ನುತ್ತಾಳೆ. 6ರಲ್ಲಿ ಅವನು ಬಸ್ಸಿನಲ್ಲೇ ಇಲ್ಲ, ಆದರೂ ಅವಳು ಮೆಟ್ಟಿಲ ಮೇಲೆ ನಿಂತು ಒಳಗೆಲ್ಲ ಕಣ್ಣಾಡಿಸಿ, ಹುಡುಗರಿಲ್ಲದ ಸಾಲು ಹುಡುಕಿ ಕೂರುತ್ತಾಳೆ. ಇಲ್ಲಿ "ಭಯ" ಎಂಬ ಪದವನ್ನೇ ಬಳಸಬೇಡಿ.

ಇನ್ನೊಂದು ಸಣ್ಣ ವಿಷಯ, ಆದರೆ ಕಾರವಾರದ ಓದುಗರು ಬಿಡುವುದಿಲ್ಲ. ಕಥೆ ಯಾವ ವರ್ಷದ್ದು ಎಂದು ಮೊದಲು ನಿಶ್ಚಯಿಸಿ. ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್ 7ರಂದು ಕುಸಿದಿದೆ. ನಿಮ್ಮ 3ನೇ ಅಧ್ಯಾಯದಲ್ಲಿ ಎರಡೂ ಸೇತುವೆ ಇವೆ, 7ರಲ್ಲಿ ಒಂದೇ ಇದೆ.

ಅಕ್ಕೋರು_ಕುಮಟಾ

ಭಾಷೆಯ ಬಗ್ಗೆ. 5ನೇ ಅಧ್ಯಾಯದಲ್ಲಿ ಗೆಳತಿ "ಇದು ಅನಾರೋಗ್ಯಕರ ಸಂಬಂಧ ಕಣೇ" ಎನ್ನುತ್ತಾಳೆ. ಪಿಯು ಮಕ್ಕಳ ಬಾಯಲ್ಲಿ ಈ ಮಾತು ಬರುವುದಿಲ್ಲ. ಅವರ ಪದ "ಪೊಸೆಸಿವ್", ಅದೂ ಹೊಗಳಿಕೆಯಾಗಿ. "ನಿನ್ನವ ಎಷ್ಟು ಪೊಸೆಸಿವ್ ಅಲ್ದಾ" ಎಂದು ಗೆಳತಿಯರು ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಾರೆ. ಆ ಪದವನ್ನು ಮೊದಲ ಭಾಗದಲ್ಲಿ ಹೊಗಳಿಕೆಯಾಗಿಯೇ ಬಿಡಿ. ಅದೇ ಗೆಳತಿ 8ರಲ್ಲಿ "ಟಾರ್ಚರ್" ಅನ್ನಲಿ. ಎರಡು ಪದಗಳ ನಡುವಿನ ದಾರಿಯೇ ನಿಮ್ಮ ಕಥೆ.

ಗೆಳತಿ ಏನು ಮಾಡಬೇಕು ಎಂಬುದೂ ಮುಖ್ಯ. "ಅವನು ಬೇಕಾ, ನಾನು ಬೇಕಾ" ಎಂದು ಕೇಳಿಸಿದ್ದೀರಿ. ಹಾಗೆ ಕೇಳಿದರೆ ಹುಡುಗಿ ಅವನ ಕಡೆಗೇ ವಾಲುತ್ತಾಳೆ, ಗೆಳತಿಯರಿಂದ ಅವಳನ್ನು ದೂರ ಮಾಡುವ ಅವನ ಕೆಲಸ ಸಲೀಸಾಗುತ್ತದೆ. ಗೆಳತಿ ಅವನನ್ನು ಬಯ್ಯದಿರಲಿ, ಕಂಡದ್ದನ್ನು ಮಾತ್ರ ಹೇಳಲಿ: "ಮೊದಲೆಲ್ಲ ರಿಸೆಸ್‌ನಲ್ಲಿ ನಮ್ಮ ಜೊತೆ ಉಣ್ತಿದ್ದೆ, ಈಗ ಫೋನ್ ಹಿಡ್ಕೊಂಡು ಮೆಟ್ಟಿಲ ಮೇಲೆ ಒಬ್ಬಳೇ ಕೂರ್ತೀಯಲ್ಲ." ಅಷ್ಟು ಹೇಳಿ, ರೆಕಾರ್ಡ್ ಬುಕ್ ಕೊಡುವುದನ್ನು, ಊಟಕ್ಕೆ ಕರೆಯುವುದನ್ನು ನಿಲ್ಲಿಸದಿರಲಿ.

ತದಡಿ_ತೆರೆ

ಈಗಿನ ಹಿಡಿತ ಫೋನಿನಲ್ಲಿದೆ. ನಿಮ್ಮ ಕರಡಿನಲ್ಲಿ ಅದು ಬರೀ "ಪಾಸ್‌ವರ್ಡ್ ಕೇಳಿದ" ಎಂಬಲ್ಲಿಗೆ ಮುಗಿದಿದೆ. ಎರಡು ಕಡೆ ಬಿಚ್ಚಿ ಬರೆಯಬಹುದು.

ವಾಟ್ಸಾಪಿನ ಲೈವ್ ಲೊಕೇಶನ್‌ಗೆ ಮೂರೇ ಆಯ್ಕೆ: 15 ನಿಮಿಷ, 1 ಗಂಟೆ, 8 ಗಂಟೆ. "ನೀನು ಸೇಫಾಗಿ ತಲುಪಿದ್ದು ಗೊತ್ತಾಗ್ಲಿ" ಎಂದು ಅವನು 8 ಗಂಟೆಯದ್ದು ಕೇಳುತ್ತಾನೆ. ಬೆಳಿಗ್ಗೆ 8:30ಕ್ಕೆ ಹಾಕಿದರೆ 4:30ಕ್ಕೆ ತಾನಾಗಿಯೇ ನಿಲ್ಲುತ್ತದೆ. ಪ್ರಾಕ್ಟಿಕಲ್ ಮುಗಿಯುವುದು 5ಕ್ಕೆ. ಹಾಗಾಗಿ ಪ್ರಾಕ್ಟಿಕಲ್ ಇರುವ ದಿನವೆಲ್ಲ 4:31ಕ್ಕೆ "ಯಾಕೆ ಆಫ್ ಮಾಡಿದೆ?" ಎಂಬ ಮೆಸೇಜು ಬರುತ್ತದೆ. ಅವಳು ಏನೂ ಮಾಡಿಲ್ಲ, ಆದರೂ ಉತ್ತರ ಕೊಡಬೇಕು. ಇಡೀ ಸಂಬಂಧ ಈ ಒಂದು ನಿಮಿಷದಲ್ಲಿದೆ.

ಎರಡನೆಯದು ವಾಟ್ಸಾಪಿನ ಲಿಂಕ್ಡ್ ಡಿವೈಸಸ್. ಫೋನ್ ಸ್ಲೋ ಆಗಿದೆ, ಸರಿ ಮಾಡಿಕೊಡುತ್ತೇನೆ ಎಂದು ಅವನು ಎರಡು ನಿಮಿಷ ತೆಗೆದುಕೊಂಡು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಾಕು, ಅವಳ ಚಾಟೆಲ್ಲ ಅವನ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತದೆ. ಗೆಳತಿಯ ಜೊತೆ ಆಡಿದ ಮಾತು ಅವನಿಗೆ ಹೇಗೆ ಗೊತ್ತಾಯಿತು ಎಂದು ಅವಳು ವಾರಗಟ್ಟಲೆ ಗೆಳತಿಯನ್ನೇ ಅನುಮಾನಿಸುತ್ತಾಳೆ. ಒಂದು ದಿನ ಸೆಟ್ಟಿಂಗ್ಸ್‌ಗೆ ಹೋಗಿ ನೋಡಿದರೆ ಪಟ್ಟಿಯಲ್ಲಿ ತನಗೆ ಗೊತ್ತಿಲ್ಲದ ಒಂದು ಬ್ರೌಸರ್, ಪಕ್ಕದಲ್ಲಿ ಕೊನೆಯ ಸಲ ತೆರೆದ ಸಮಯ. ಅವಳು ಕೂಡಲೇ ಲಾಗ್ ಔಟ್ ಮಾಡುವಂತೆ ಬರೆಯಬೇಡಿ, ಅವನಿಗೆ ಗೊತ್ತಾಗಿಬಿಡುತ್ತದೆ. ಮೊದಲು ಸ್ಕ್ರೀನ್‌ಶಾಟ್, ಆಮೇಲೆ ನಂಬುವ ದೊಡ್ಡವರೊಬ್ಬರಿಗೆ ಎದುರಾಎದುರು ಹೇಳುವುದು (ಆ ಫೋನಿನಲ್ಲಿ ಟೈಪ್ ಮಾಡಿ ಅಲ್ಲ), ಆಮೇಲೆ ಲಾಗ್ ಔಟ್, ಪಿನ್ ಬದಲಾವಣೆ. ಓದುವ ಮಕ್ಕಳು ಈ ಕ್ರಮವನ್ನು ಕಥೆಯಿಂದಲೇ ಕಲಿಯುತ್ತಾರೆ, ಹಾಗಾಗಿ ಕಥೆಯಲ್ಲಿ ಕ್ರಮ ಸರಿ ಇರಲೇಬೇಕು.

ಶರಾವತಿ_ದಂಡೆ (ಆಪ್ತಸಮಾಲೋಚನೆ)

"ಏಕಾಏಕಿ ಹೇಗೆ ಕೆಟ್ಟವನಾದ" ಎಂಬ ಪ್ರಶ್ನೆಗೆ ಇನ್ನೊಂದು ಉತ್ತರವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ 1979ರಲ್ಲಿ ಹಿಂಸೆಯಿರುವ ಸಂಬಂಧಗಳ ಮೂರು ಹಂತದ ಚಕ್ರ ವಿವರಿಸಿದರು: ಬಿಗುವು ಏರುವುದು, ಸ್ಫೋಟ, ಆಮೇಲೆ ಪಶ್ಚಾತ್ತಾಪ ಮತ್ತು ಅತಿಯಾದ ಪ್ರೀತಿ. ನಿಮ್ಮ ಕರಡಿನಲ್ಲಿ ಚಕ್ರ ಒಂದೇ ಸುತ್ತು ತಿರುಗಿ 12ನೇ ಅಧ್ಯಾಯದ ಪಶ್ಚಾತ್ತಾಪದಲ್ಲಿ ನಿಂತಿದೆ. ಅಂದರೆ ನೀವು ಮಂಗಳ ಹಾಡಿರುವ ಜಾಗ ಚಕ್ರದ ಮೂರನೇ ಹಂತ. ಕಡಿಮೆಯೆಂದರೆ ಎರಡು ಸುತ್ತು ತೋರಿಸಿ. ಮೊದಲ ಸುತ್ತಿನ ಕ್ಷಮಾಪಣೆ ಓದುವವರೂ ನಂಬುವಷ್ಟು ಚೆನ್ನಾಗಿರಲಿ. ಎರಡನೆಯದರಲ್ಲಿ ಅವೇ ಮಾತು, ಅದೇ ಅಳು ಬರಲಿ. ಎಲ್ಲ ಸಂಬಂಧವೂ ಈ ಚಕ್ರದಂತೆಯೇ ತಿರುಗುವುದಿಲ್ಲ. ಕೆಲವರಲ್ಲಿ ಸ್ಫೋಟವೇ ಇಲ್ಲ, ಬರೀ ದಿನನಿತ್ಯದ ಹಿಡಿತ. ಅಮೆರಿಕದ ಡುಲೂತ್‌ನಲ್ಲಿ 1984ರಲ್ಲಿ ರೂಪುಗೊಂಡ "ಅಧಿಕಾರ ಮತ್ತು ಹಿಡಿತದ ಚಕ್ರ" ಅದಕ್ಕೆ ಹೆಚ್ಚು ಹೊಂದುತ್ತದೆ. ಬೆದರಿಕೆ, ಒಂಟಿಯಾಗಿಸುವುದು, "ನಾನು ಹಾಗೆ ಮಾಡೇ ಇಲ್ಲ" ಎಂದು ಅಲ್ಲಗಳೆಯುವುದು, ತಪ್ಪನ್ನು ಅವಳ ಮೇಲೇ ಹೊರಿಸುವುದು, ಇವೆಲ್ಲ ಅದರ ಅರಗಳು.

ಜಗಳಕ್ಕೂ ಹಿಡಿತಕ್ಕೂ ವ್ಯತ್ಯಾಸ ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಒಂದೇ ಪರೀಕ್ಷೆ: ಅವಳು "ಬೇಡ" ಅಂದಾಗ ಏನಾಗುತ್ತದೆ. ದೊಡ್ಡ ವಿಷಯಕ್ಕಲ್ಲ, ಐಸ್‌ಕ್ರೀಮ್ ಬೇಡ, ಇವತ್ತು ಬೀಚಿಗೆ ಬರಲ್ಲ, ಅಷ್ಟಕ್ಕೆ. ಮುಖ ಸಪ್ಪೆಯಾಗಿ ಹತ್ತು ನಿಮಿಷದಲ್ಲಿ ಸರಿಹೋದರೆ ಅದು ಮನುಷ್ಯ ಸಹಜ. "ಬೇಡ"ಕ್ಕೆ ಪ್ರತಿಸಲ ದಂಡ ತೆರಬೇಕಾದರೆ, ಅದು ಮೌನದ ದಂಡವಾದರೂ, ಅದು ಹಿಡಿತ. ಇಂಥ ಒಂದು ಸಣ್ಣ "ಬೇಡ" 3ನೇ ಅಧ್ಯಾಯದಲ್ಲೇ ಇರಲಿ.

ಅವಳು ಯಾಕೆ ಬಿಡುವುದಿಲ್ಲ ಎಂಬುದಕ್ಕೆ "ಪ್ರೀತಿ ಕುರುಡು" ಎಂದು ಬರೆದಿದ್ದೀರಿ. ನಮ್ಮ ಕಡೆ ಕಾರಣ ಅದಕ್ಕಿಂತ ಗಟ್ಟಿ. ಮನೆಯಲ್ಲಿ ಗೊತ್ತಾದರೆ ಮೊದಲು ಹೋಗುವುದು ಅವಳ ಫೋನು, ಆಮೇಲೆ ಕಾಲೇಜು. ಇದು ಆಲ್ಡನ್‌ಗೂ ಗೊತ್ತು, "ನಿನ್ನ ಪಪ್ಪನಿಗೆ ಹೇಳ್ಲಾ?" ಎಂದರೆ ಸಾಕು. ಮನೆಯ ಭಯವೇ ಅವನ ಕೈಯ ಆಯುಧ. ಹಾಗಾಗಿ 10 ಅಥವಾ 11ರಲ್ಲಿ ದೊಡ್ಡವರೊಬ್ಬರು ಸರಿಯಾಗಿ ನಡೆದುಕೊಳ್ಳುವ ದೃಶ್ಯ ಬೇಕೇ ಬೇಕು. ಅಮ್ಮ ಮೊದಲು ಕೇಳುವ ಮಾತು "ಎಷ್ಟು ದಿನದಿಂದ ಇದೆಲ್ಲ?" ಅಲ್ಲ, "ಊಟ ಮಾಡಿದ್ಯಾ?" ಆಗಿರಲಿ. ಎರಡನೇ ಮಾತು: "ಕಾಲೇಜು ಬಿಡಿಸಲ್ಲ."

ಕೊನೆಯದು, ಅವನು "ನೀನು ಬಿಟ್ಟರೆ ಸಾಯ್ತೇನೆ" ಎನ್ನುವ ದೃಶ್ಯ. ಜಾಗದ ಹೆಸರು, ವಿಧಾನ ಎರಡನ್ನೂ ತೆಗೆಯಿರಿ, ಓದುವ ಮಕ್ಕಳಲ್ಲಿ ಯಾರ ಮನಸ್ಸು ಯಾವ ಸ್ಥಿತಿಯಲ್ಲಿದೆಯೋ ಗೊತ್ತಿಲ್ಲ. ಅಂಥ ಮಾತನ್ನು ಸುಳ್ಳು ನಾಟಕವೆಂದು ತಳ್ಳಿಹಾಕುವುದೂ ತಪ್ಪು, ಅವಳು ಒಬ್ಬಳೇ ರಾತ್ರಿ ಓಡಿಹೋಗುವುದೂ ತಪ್ಪು. ಅವಳು ಅವನ ಮನೆಯವರಿಗೆ ಫೋನ್ ಮಾಡಿಸಲಿ, ತುರ್ತಾದರೆ 112. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಇದೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಅವನ ಜೀವ ಕಾಯುವ ಹೊಣೆ 17ರ ಹುಡುಗಿಯ ತಲೆಯ ಮೇಲೆ ಬರುವಂತೆ ಬರೆಯಬೇಡಿ.

ಕೋಡಿಬಾಗ_ಓದುಗ

ಹುಡುಗನನ್ನು ಬೇರೆ ಧರ್ಮದವನನ್ನಾಗಿ ಮಾಡಿದರೆ ಅಪಾಯ ಬೇಗ ಕಾಣುವುದಿಲ್ಲವೇ? ನಂಬದವರ ಜೊತೆ ನೊಗಕ್ಕೆ ಜೋಡಿಯಾಗಬೇಡಿ ಎಂಬ ಬೈಬಲಿನ 2 ಕೊರಿಂಥ 6:14ರ ಮಾತೂ ಸೇರಿಸಬಹುದು.

ಇಗರ್ಜಿ_ಗಂಟೆ (ದೊತೊರ್ನ್ ಕಲಿಸುವವರು)

ದಯವಿಟ್ಟು ಬೇಡ. ಹಾಗೆ ಮಾಡಿದರೆ "ನಮ್ಮವನಾದರೆ ಸೇಫ್" ಎಂಬ ಸಂದೇಶ ಹೋಗುತ್ತದೆ, ಅದು ಸುಳ್ಳು. ಒಂದೇ ಬಸ್ಸಿನಲ್ಲಿ ಹೋಗುವ ಹಿಂದೂ, ಮುಸ್ಲಿಂ ಮಕ್ಕಳಿಗೆ ಅನ್ಯಾಯವೂ ಆಗುತ್ತದೆ. ಅವನು ಕ್ವಾಯರಿನವನೇ ಆಗಿರಲಿ. ಎಲ್ಲರೂ ಮೆಚ್ಚುವ, ವಾಡ್ಯಾಚ್ಯಾ ತೆರ್ಸಿಗೆ (ವಾಡೆಯ ಜಪಮಾಲೆ ಪ್ರಾರ್ಥನೆಗೆ) ತಪ್ಪದೆ ಬರುವ ಹುಡುಗ. ಆಗಲೇ ಅವಳ ಮಾತನ್ನು ಯಾರೂ ನಂಬದ ಕಷ್ಟ ಕಣ್ಣಿಗೆ ಕಟ್ಟುತ್ತದೆ.

ಇನ್ನು ದೇವರ ವಾಕ್ಯದ ವಿಷಯ. ಕರಡಿನಲ್ಲಿ ವಾಕ್ಯ ಬರುವುದು ಬರೀ ಔಷಧವಾಗಿ. ಅದನ್ನು ಸಂಕೋಲೆಯಾಗಿ ಬಳಸುವುದನ್ನೂ ತೋರಿಸಿ, ಏಕೆಂದರೆ ಭಕ್ತಿಯಿರುವ ಹುಡುಗಿಯನ್ನು ಕಟ್ಟಿಹಾಕುವುದು ಅದರಿಂದಲೇ. 1 ಕೊರಿಂಥ 13:7ರ "ಎಲ್ಲವನ್ನೂ ಸಹಿಸುವುದು" ಅವನ ಬಾಯಲ್ಲಿ ಬರಲಿ. ಅದಕ್ಕೆ ಎರಡು ವಾಕ್ಯ ಹಿಂದೆ, 13:5ರಲ್ಲಿ, ಪ್ರೀತಿ ಸ್ವಾರ್ಥ ಹುಡುಕುವುದಿಲ್ಲ, ಸಿಡುಕುವುದಿಲ್ಲ ಎಂದಿದೆ. ಅದನ್ನು ಅವನು ಯಾವತ್ತೂ ಓದುವುದಿಲ್ಲ. ಹೆಂಡತಿ ಗಂಡನಿಗೆ ಅಧೀನಳಾಗಿರಲಿ ಎಂಬ ಎಫೆಸ 5:22ಕ್ಕೆ ಮೊದಲು 5:21 ಇದೆ, ಒಬ್ಬರಿಗೊಬ್ಬರು ಅಧೀನರಾಗಿರಿ ಎಂದು. ಅದು ಗಂಡ ಹೆಂಡಿರಿಗೆ ಹೇಳಿದ್ದು, ಕ್ವಾಯರಿನ ಕೀಬೋರ್ಡ್ ನುಡಿಸುವವನಿಗಲ್ಲ. ಕುಟುಂಬದ ಪ್ರೀತಿಯ ಬಗ್ಗೆ ಬರೆದ 2016ರ ಅಮೋರಿಸ್ ಲೆತೀತ್ಸಿಯಾ ಎಂಬ ಪತ್ರದ 156ನೇ ಪ್ಯಾರಾದಲ್ಲಿ ಫ್ರಾನ್ಸಿಸ್ ಪೋಪರು ಇದೇ ಭಾಗದ ತಪ್ಪು ವ್ಯಾಖ್ಯಾನವನ್ನು ಹೆಸರಿಟ್ಟೇ ತಿರಸ್ಕರಿಸಿದ್ದಾರೆ. "ಎಪ್ಪತ್ತೇಳು ಸಲ ಕ್ಷಮಿಸು" ಎಂಬುದು ಮತ್ತಾಯ 18:22. ಅದೇ ಅಧ್ಯಾಯದ 15ರಿಂದ 17ನೇ ವಾಕ್ಯಗಳಲ್ಲಿ ಕೇಳದವನ ಬಳಿ ಸಾಕ್ಷಿ ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು ಎಂಬ ಕ್ರಮವಿದೆ. ಕ್ಷಮೆಯ ಮಾತು ಬಂದಿರುವುದು ಈ ಕ್ರಮದ ನಂತರ.

ಉಪದೇಶವಾಗದಂತೆ ತರಲು ನನ್ನ ಸಲಹೆ ಎರಡೇ ಭಾಗ. ಒಂದು, ನ್ಯಾಯಸ್ಥಾಪಕರು 16: "ನನ್ನನ್ನು ಪ್ರೀತಿಸುತ್ತೇನೆ ಅನ್ನುತ್ತೀಯಲ್ಲ, ಗುಟ್ಟು ಯಾಕೆ ಹೇಳುವುದಿಲ್ಲ?" ಎಂದು ದೆಲೀಲಾ ದಿನದಿನವೂ ಪೀಡಿಸಿ ಸಂಸೋನನಿಗೆ ಸಾಯುವಷ್ಟು ಬೇಸರ ಹಿಡಿಸುತ್ತಾಳೆ. ಪಾಸ್‌ವರ್ಡ್ ಕೇಳುವವನ ಧಾಟಿ ಅದೇ. ಪೀಡಿಸುವವರು ಹುಡುಗಿಯರೂ ಆಗಬಹುದು ಎಂಬುದು ಓದುವ ಹುಡುಗರಿಗೂ ಇದರಿಂದ ತಲುಪುತ್ತದೆ. ಇನ್ನೊಂದು, ಕೀರ್ತನೆ 55: ನೋಯಿಸಿದವನು ಶತ್ರುವಲ್ಲ, ಜೊತೆಯಲ್ಲಿ ದೇವಾಲಯಕ್ಕೆ ನಡೆದ ಗೆಳೆಯ, ಅವನ ಮಾತು ಬೆಣ್ಣೆಗಿಂತ ನುಣುಪು, ಮನಸ್ಸಿನಲ್ಲಿ ಮಾತ್ರ ಯುದ್ಧ. ಮರೀನಾ ಇದನ್ನು ಓದಿ ಬೈಬಲ್ ಮುಚ್ಚಲಿ. ಯಾರೂ ವಿವರಿಸದಿರಲಿ.

10ನೇ ಅಧ್ಯಾಯವನ್ನಂತೂ ಬದಲಾಯಿಸಲೇಬೇಕು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಫಾದರ್ ಮನೆಯವರಿಗೆ ಹೇಳುವ ಹಾಗೇ ಇಲ್ಲ. ಕಥೊಲಿಕ ಸಭೆಯ ಕಾನೂನಾದ 1983ರ ಧರ್ಮಸಭಾ ಸಂಹಿತೆಯ 983ನೇ ವಿಧಿ ಅದನ್ನು ಪೂರ್ತಿ ನಿಷೇಧಿಸುತ್ತದೆ. ಸರಿಯಾದ ದೃಶ್ಯ ಇದು: ಫಾದರ್ ಅವಳಿಗೆ "ಹೊಡೆಸಿಕೊಂಡದ್ದು ನಿನ್ನ ಪಾಪವಲ್ಲ" ಎಂದು ಸ್ಪಷ್ಟವಾಗಿ ಹೇಳುತ್ತಾರೆ, ಇದನ್ನೇ ಹೊರಗೆ ಸಿಸ್ಟರ್ (ಸನ್ಯಾಸಿನಿ) ಹತ್ತಿರವೋ ಅಮ್ಮನ ಹತ್ತಿರವೋ ಹೇಳು ಎಂದು ಪ್ರೋತ್ಸಾಹಿಸುತ್ತಾರೆ. ಹೇಳುವ ಹೆಜ್ಜೆ ಅವಳದ್ದೇ. ಕಥೆಗೂ ಅದು ಒಳ್ಳೆಯದು.

ಕಾಯ್ದೆ_ಕಟ್ಟೆ

ವಯಸ್ಸು 17 ಮತ್ತು 19 ಎಂದು ಇಟ್ಟಿದ್ದೀರಿ, ಹಾಗಾಗಿ ಕೆಲವು ವಿಷಯ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ 2012ರ ಪೋಕ್ಸೊ ಕಾಯ್ದೆಯಲ್ಲಿ 18 ತುಂಬದವಳ ಒಪ್ಪಿಗೆಗೆ ಬೆಲೆಯಿಲ್ಲ. ಲೈಂಗಿಕ ಕೃತ್ಯ ನಡೆದದ್ದು ಗೊತ್ತಾದ ಯಾರೇ ಆಗಲಿ 19ನೇ ಕಲಮಿನಡಿ ಪೊಲೀಸರಿಗೆ ತಿಳಿಸಬೇಕು, ತಿಳಿಸದಿದ್ದರೆ 21ರಡಿ 6 ತಿಂಗಳವರೆಗೆ ಸಜೆ, ದಂಡ ಅಥವಾ ಎರಡೂ. ಮಕ್ಕಳಿಗೆ ಈ ಶಿಕ್ಷೆಯಿಲ್ಲ, ಗೆಳತಿ ಹೆದರಬೇಕಿಲ್ಲ. ಆದ್ದರಿಂದ ನಿಮ್ಮ ಕಥೆಯ ಸಿಸ್ಟರ್ "ಯಾರಿಗೂ ಹೇಳಲ್ಲ, ಆಣೆ" ಎಂದು ಮಾತು ಕೊಡುವುದು ತಪ್ಪು. "ಕೆಲವು ವಿಷಯ ನಾನು ಮುಚ್ಚಿಡೋ ಹಾಗಿಲ್ಲ, ಆದ್ರೆ ನಿಂಗೆ ಹೇಳದೆ ಏನೂ ಮಾಡಲ್ಲ" ಎನ್ನಲಿ. ನಿಮ್ಮ ಕಥೆಯಲ್ಲಿ ಅಂಥದ್ದು ನಡೆದಿಲ್ಲ, ಬರೀ ಏಟು. ಅದು 2024ರ ಜುಲೈ 1ರ ನಂತರದ ಘಟನೆಯಾದರೆ ಭಾರತೀಯ ನ್ಯಾಯ ಸಂಹಿತೆಯ 115(2), ಬೆನ್ನು ಬೀಳುವುದು 78. ಹಿಂದಿನದಾದರೆ ಹಳೆಯ ಭಾರತೀಯ ದಂಡ ಸಂಹಿತೆ (ಐಪಿಸಿ). ಸೇತುವೆಯ ವರ್ಷ ಇಲ್ಲೂ ಮುಖ್ಯವೇ.

ಬೆತ್ತಲೆ ಫೋಟೊ ಹರಡುವ ಬೆದರಿಕೆ ಸೇರಿಸುವುದಾದರೆ ಗಮನಿಸಿ: ಅವಳು ಆ ಫೋಟೊವನ್ನು ಸಾಕ್ಷಿಗಾಗಿ ಗೆಳತಿಗೆ ಫಾರ್ವರ್ಡ್ ಮಾಡುವಂತೆ ಬರೆಯಬೇಡಿ, ಅಪ್ರಾಪ್ತರ ಅಂಥ ಚಿತ್ರ ಕಳಿಸುವುದೇ ಐಟಿ ಕಾಯ್ದೆಯ 67ಬಿ ಅಡಿ ಅಪರಾಧ. ಬೆದರಿಕೆಯ ಮೆಸೇಜಿನ ಸ್ಕ್ರೀನ್‌ಶಾಟ್ ಸಾಕು. ಅಂಥ ಫೋಟೊ ಜಾಲತಾಣಗಳಿಂದ ತೆಗೆಸಲು ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆ ಇದೆ. ಫೋಟೊ ಫೋನಿನಿಂದ ಹೊರಗೆ ಹೋಗುವುದಿಲ್ಲ, ಅದರ ಗುರುತಿನ ಸಂಖ್ಯೆ ಮಾತ್ರ ಹೋಗುತ್ತದೆ, ಸೇವೆಯಲ್ಲಿ ಸೇರಿರುವ ಜಾಲತಾಣಗಳು ಅದನ್ನು ಹೊಂದಿಸಿ ನೋಡಿ ತೆಗೆಯುತ್ತವೆ.

ಪೋಕ್ಸೊ ಪ್ರಕರಣವಾಗಿ ಪೊಲೀಸ್ ದೃಶ್ಯ ಬಂದರೆ ಠಾಣೆಯ ಬೆಂಚಿನ ಮೇಲೆ ಕೂರಿಸಬೇಡಿ. 24ನೇ ಕಲಮಿನ ಪ್ರಕಾರ ಹೇಳಿಕೆ ಪಡೆಯುವುದು ಮಗುವಿನ ಮನೆಯಲ್ಲಿ ಅಥವಾ ಅವಳಿಗೆ ಬೇಕಾದ ಜಾಗದಲ್ಲಿ, ಸಾಧ್ಯವಾದ ಮಟ್ಟಿಗೆ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ.

ಮಾಜಾಳಿ_ಮಳೆ

ಎಲ್ಲರಿಗೂ ತುಂಬಾ ಧನ್ಯವಾದ. ಸೀಟಿನ ಮೂರು ದೃಶ್ಯ ಸೇರಿಸಿದೆ, ಪಾಪನಿವೇದನೆ ತಿದ್ದಿದೆ. ಏಟನ್ನು ಇಟ್ಟುಕೊಳ್ಳಲೋ ಬಿಡಲೋ? ಮತ್ತು ಅವನು ಅತ್ತು ಬದಲಾಗದಿದ್ದರೆ ಕ್ರೈಸ್ತ ಕಥೆಗೆ ಕೊನೆ ಹೇಗೆ?

ಇಗರ್ಜಿ_ಗಂಟೆ

ಅವನು ಬದಲಾಗಬಹುದು, ಅವಳ ಕಣ್ಣೆದುರಿಗೇ ಬದಲಾಗಬೇಕೆಂದಿಲ್ಲ. ಕ್ವಾಯರಿನ ಹಿರಿಯರೊಬ್ಬರು ಅವನನ್ನು ಕೀಬೋರ್ಡಿನಿಂದ ಇಳಿಸಿ, ಅವನ ಅಪ್ಪನ ಜೊತೆ ಕೂರಿಸಿ ಮಾತಾಡಲಿ, ಸಮಾಲೋಚನೆಗೆ ಕಳಿಸಲಿ. ಅವಳು ಕ್ಷಮಿಸಲಿ, ಆದರೆ ನಂಬರ್ ಬ್ಲಾಕ್ ಆಗಿಯೇ ಇರಲಿ. ಕ್ಷಮೆ ಬೇರೆ, ಮತ್ತೆ ಹತ್ತಿರ ಸೇರಿಸುವುದು ಬೇರೆ.

ಶರಾವತಿ_ದಂಡೆ

ಏಟನ್ನು ತೆಗೆಯಿರಿ ಎಂಬುದು ನನ್ನ ಅಭಿಪ್ರಾಯ. ಏಟಿಲ್ಲದೆಯೇ ಅವಳು ಬಿಟ್ಟುಬರಲಿ, ಹೊಡೆಸಿಕೊಳ್ಳುವ ತನಕ ಕಾಯಬೇಕಿಲ್ಲ ಎಂದು ಕಥೆಯೇ ಹೇಳುತ್ತದೆ. ಬಿಟ್ಟುಬರುವ ದೃಶ್ಯ ಸಂಜೆ ಬೀಚಿನ ಮರಳಿನಲ್ಲಿ ಇಬ್ಬರೇ ಇದ್ದಾಗ ಬೇಡ. ಬಿಡುವ ಹೊತ್ತೇ ಹೆಚ್ಚು ಅಪಾಯದ್ದು. ಹಗಲು, ಜನರಿರುವ ಜಾಗ, ಹತ್ತು ಹೆಜ್ಜೆ ದೂರದಲ್ಲಿ ಅಣ್ಣನೋ ಗೆಳತಿಯೋ. ಮಾತು ಎರಡೇ ವಾಕ್ಯ, ಕಾರಣ ಕೊಡುವುದು ಬೇಡ, ಪ್ರತಿ ಕಾರಣಕ್ಕೂ ಅವನ ಬಳಿ ಉತ್ತರವಿರುತ್ತದೆ. ಫೋನಿನಲ್ಲಿ ಹೇಳಿದರೂ ತಪ್ಪಿಲ್ಲ. ಆಮೇಲೆ ಒಂದು ತಿಂಗಳು ಬಸ್ಸಿನ ಹೊತ್ತು ಬದಲಾಗಲಿ. ಅವಳಿಗೆ ಅವನ ನೆನಪಾಗಿ ಅಳು ಬರುವ ಒಂದು ಅಧ್ಯಾಯವೂ ಇರಲಿ. ಇಲ್ಲದಿದ್ದರೆ, ಬಿಟ್ಟಮೇಲೆ ನೆನಪಾದರೆ ಬಿಟ್ಟದ್ದೇ ತಪ್ಪು ಎಂದು ಮಕ್ಕಳು ತಿಳಿಯುತ್ತಾರೆ.

ಕರಡು_ಕತ್ತರಿ, ಶಿರಸಿ

ಮುಂದಿನ ಸಲ ಕರಡು ಕೊಡುವಾಗ "ಹೇಗಿದೆ?" ಎಂದು ಕೇಳಬೇಡಿ. ಆರು ಜನರಿಗೆ ಒಂದೊಂದು ಪೆನ್ಸಿಲ್ ಕೊಡಿ, ಮೊದಲ ಸಲ ಕಸಿವಿಸಿಯಾದ ಸಾಲಿನ ಪಕ್ಕ ಗೆರೆ ಎಳೆಯಲು ಹೇಳಿ. ಆರರಲ್ಲಿ ನಾಲ್ಕು ಗೆರೆ 6ನೇ ಅಧ್ಯಾಯ ದಾಟಿದ ಮೇಲೆ ಬಿದ್ದಿದ್ದರೆ ಮೊದಲ ಭಾಗಕ್ಕೆ ಇನ್ನೂ ಬಿತ್ತನೆ ಬೇಕು. ಎಲ್ಲವೂ 2ರಲ್ಲೇ ಬಿದ್ದಿದ್ದರೆ ಅವನನ್ನು ಇನ್ನಷ್ಟು ಒಳ್ಳೆಯವನನ್ನಾಗಿ ಮಾಡಿ. ಸಹಾಯವಾಣಿಯ ನಂಬರುಗಳು, ಮಕ್ಕಳಿಗೆ 1098, ಮಹಿಳೆಯರಿಗೆ 181, ಕೊನೆಯ ಪುಟದಲ್ಲಿ ಬೇಡ. ಮುದ್ರಣ ವಿವರ ಇರುವ ಪುಟದಲ್ಲಿ ಹಾಕಿ. ಅವಳ ಮೇಲೆ ಕಣ್ಣಿಟ್ಟವರು ಪುಸ್ತಕ ತಿರುವಿದರೂ ಅಲ್ಲಿ ಅವರ ಕಣ್ಣು ನಿಲ್ಲುವುದಿಲ್ಲ.

ಮಾಜಾಳಿ_ಮಳೆ

ಏಟು ತೆಗೆದೆ. ಅದರ ಜಾಗಕ್ಕೆ ಬರೆದದ್ದು:

"ಲ್ಯಾಬಿನ ಗಡಿಯಾರದಲ್ಲಿ 4:28. ಬ್ಯುರೆಟ್ಟಿನಿಂದ ಪರ್ಮಾಂಗನೇಟ್ ಹನಿಹನಿಯಾಗಿ ಇಳಿಯುತ್ತಿತ್ತು. ಮರೀನಾ ಬರಿಗೈಯಲ್ಲಿ ಫ್ಲಾಸ್ಕ್ ತಿರುಗಿಸುತ್ತ ಬ್ಯಾಗಿನ ಕಡೆ ನೋಡಿದಳು. 4:31. ಬ್ಯಾಗಿನೊಳಗೆ ಫೋನ್ ಗುಂಯ್ ಎಂದಿತು. ನಲ್ಲಿ ಮುಚ್ಚುವಷ್ಟರಲ್ಲಿ ಫ್ಲಾಸ್ಕ್ ಕಡುಗುಲಾಬಿಯಾಗಿತ್ತು. ಪ್ರೀತಿ ಎಂದುಕೊಂಡದ್ದು ಭಯ ಎಂದು ಆಗ ಅವಳಿಗೆ ಅರ್ಥವಾಯಿತು."

ಅಕ್ಕೋರು_ಕುಮಟಾ

ತಿಳಿಗುಲಾಬಿಗೇ ನಿಲ್ಲಿಸಬೇಕಾದದ್ದು ಕಡುಗುಲಾಬಿಯಾಗಿ ರೀಡಿಂಗ್ ಕೆಟ್ಟದ್ದು ತುಂಬಾ ಚೆನ್ನಾಗಿದೆ. ಒಂದೇ ತಿದ್ದುಪಡಿ. ಫ್ಲಾಸ್ಕಿನಲ್ಲಿರುವುದು ಆಕ್ಸಾಲಿಕ್ ಆಸಿಡ್ ಆದರೆ ಅದನ್ನು 60 ಡಿಗ್ರಿವರೆಗೆ ಬಿಸಿ ಮಾಡಿರಬೇಕು, ಬರಿಗೈಯಲ್ಲಿ ಹಿಡಿಯಲಾಗದು. ಮೋರ್ಸ್ ಸಾಲ್ಟ್ ಎಂದು ಬರೆಯಿರಿ, ಅದಕ್ಕೆ ಬಿಸಿ ಬೇಡ.

ಕರಡು_ಕತ್ತರಿ, ಶಿರಸಿ

ಕೊನೆಯ ವಾಕ್ಯ ತೆಗೆಯಿರಿ. ಅಲ್ಲಿ ಗೆಳತಿ ಬರಲಿ: "ಇನ್ನೊಂದ್ಸಲ ಮಾಡು. ನಂದು ಮೂರೂ ರೀಡಿಂಗ್ ಆಯ್ತು, ನಾನು ಕಾಯ್ತೆ."